ಹೋಗೋ ಹಕ್ಕಿ ನೋಡೋಕೆ ನಾಲ್ಕು ದಿನ

ಮೊದಲ ದಿನ: ಮಾಗಡಿ ಕೆರೆ, ಆಮೇಲೆ ಘಟ್ಟ

ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇತ್ತು. ಬೆಳಗಿನ ಜಾವ ನಾಲ್ಕೂವರೆಗೆ ಧಾರವಾಡ ಬಿಟ್ಟೆವು. ಕಾರು ಹುಬ್ಬಳ್ಳಿ ದಾಟುವ ತನಕ ಸುಮ್ಮನಿದ್ದ ಅಪ್ಪ ಆಮೇಲೆ ಕೇಳಿದರು. “ಹಕ್ಕಿ ಬರೋದನ್ನ ನೋಡಾಕ ಹೋಗೋರು ಇರ್ತಾರ. ಹೋಗೋದನ್ನ ನೋಡಾಕ ಯಾರರ ಹೋಗ್ತಾರೇನಲೇ?”

ನಿಜ ಹೇಳಬೇಕೆಂದರೆ ನನ್ನ ಜೊತೆ ಬರಬೇಕಿದ್ದದ್ದು ಅಪ್ಪ ಅಲ್ಲ. ಗೆಳೆಯನೊಬ್ಬ ಹಿಂದಿನ ರಾತ್ರಿ ಕೈಕೊಟ್ಟ. ಮನೆಯಲ್ಲಿ ಕೂತು ಬೇಜಾರಾಗಿದ್ದ ಅಪ್ಪ, ಪೋಸ್ಟ್ ಮಾಸ್ಟರ್ ಆಗಿ ನಿವೃತ್ತರಾಗಿ ಹನ್ನೆರಡು ವರ್ಷವಾದ ಮನುಷ್ಯ, ಮಡಚುವ ಸ್ಟೂಲು, ಚಹದ ಫ್ಲಾಸ್ಕು, ಮೊಣಕಾಲಿಗೆ ಹಚ್ಚುವ ಎಣ್ಣೆ ಹಿಡಿದುಕೊಂಡು ಬಂದು ಕೂತುಬಿಟ್ಟರು. ಅವರಿಗೆ ಕಾಗೆ, ಗುಬ್ಬಿ, ಗಿಳಿ ಬಿಟ್ಟರೆ ಬೇರೆ ಹಕ್ಕಿ ಗೊತ್ತಿಲ್ಲ. ಆದರೆ ಜನರನ್ನು ಮಾತಾಡಿಸೋದರಲ್ಲಿ ಅವರನ್ನು ಮೀರಿಸೋರಿಲ್ಲ.

ನನ್ನ ಲೆಕ್ಕ ಹೀಗಿತ್ತು. ನವೆಂಬರ್ ಹೊತ್ತಿಗೆ ನಮ್ಮ ಕಡೆ ಬಂದ ಬಾತು, ಕಡಲಕ್ಕಿ (ಗಲ್), ರೀವಗಳು (ಟರ್ನ್) ಮಾರ್ಚ್ ಏಪ್ರಿಲ್‌ನಲ್ಲಿ ಉತ್ತರಕ್ಕೆ ವಾಪಸ್ ಹೋಗುತ್ತವೆ. ಬರುವಾಗ ಎಲ್ಲರೂ ಕ್ಯಾಮೆರಾ ಹಿಡಿದು ಓಡುತ್ತಾರೆ, ಹೋಗುವಾಗ ಯಾರೂ ಇರಲ್ಲ. ಮೊದಲು ಗದಗ ಜಿಲ್ಲೆಯ ಮಾಗಡಿ ಕೆರೆ, ಆಮೇಲೆ ಕರಾವಳಿಗಿಳಿದು ಕಾರವಾರ, ಕೊನೆಗೆ ಅಘನಾಶಿನಿ ಅಳಿವೆ. ಮಾಗಡಿ ಕೆರೆ, ಅಘನಾಶಿನಿ ಎರಡೂ 2024ರ ಜನವರಿಯಲ್ಲಿ ಒಟ್ಟಿಗೇ ರಾಮ್‌ಸಾರ್ ಪಟ್ಟಿಗೆ ಸೇರಿದವು. ಅಪ್ಪನಿಗೆ ಇದನ್ನು ಹೇಳಿದರೆ, “ಅದ್ಯಾವ ಸಾರು?” ಅಂದರು. ಇರಾನಿನ ಒಂದು ಊರು, 1971ರಲ್ಲಿ ಅಲ್ಲಿ ಜೌಗುನೆಲ ಉಳಿಸೋ ಒಪ್ಪಂದ ಆಯಿತು ಅಂತ ವಿವರಿಸಿದೆ. ಗದಗ ಬರುವವರೆಗೂ ಅವರು ಅದನ್ನು ಸಾರು ಅಂತಲೇ ಕರೆದರು.

ಮಾಗಡಿ ತಲುಪಿದಾಗ ಏಳೂಕಾಲು. ಗದಗಿನಿಂದ ಸುಮಾರು 26 ಕಿಲೋಮೀಟರ್. ಕೆರೆಯಲ್ಲಿ ನೀರಿತ್ತು, ಒಂದಷ್ಟು ಸೂಜಿಬಾಲದ ಬಾತು, ಚಲುಕದ ಬಾತು ಇದ್ದವು, ಆದರೆ ನಾವು ಹುಡುಕಿ ಬಂದ ಪಟ್ಟೆತಲೆ ಹೆಬ್ಬಾತು ಒಂದೂ ಇಲ್ಲ. ನನ್ನ ಮುಖ ಇಳಿದುಹೋಯಿತು. ಅಷ್ಟರಲ್ಲಿ ಅಪ್ಪ ಆಗಲೇ ಏರಿಯ ಮೇಲೆ ಎಮ್ಮೆ ಹೊಡೆದುಕೊಂಡು ಬರುತ್ತಿದ್ದವರೊಬ್ಬರ ಜೊತೆ ಶೇಂಗಾ ದರ ಮಾತಾಡುತ್ತಿದ್ದರು. ಅವರು ನಕ್ಕರು. “ಹೊಲದಾಗ ಅದಾವ್ರಿ. ರಾತ್ರಿ ಎಲ್ಲಾ ಮೇದು ಬಿಸಲೇರಿದ ಮ್ಯಾಲ ಕೆರಿಗೆ ಬರ್ತಾವ. ನೀವು ಭಾಳ ಲಗೂನ ಬಂದೀರಿ.”

ಅಂದರೆ ಮಾಗಡಿಗೆ ಹೋಗೋರು ನಸುಕಿಗೇ ಓಡಬೇಕಿಲ್ಲ. ಗದಗಿನಲ್ಲಿ ಆರಾಮಾಗಿ ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಎಂಟೂವರೆಗೆ ಬಂದರೂ ಸಾಕು.

ಎಂಟೂ ನಲವತ್ತಕ್ಕೆ ಸದ್ದು ಮೊದಲು ಬಂತು. ಹಳೇ ಬಸ್ಸಿನ ಹಾರ್ನು ಎಲ್ಲೋ ದೂರದಲ್ಲಿ ಒತ್ತಿದ ಹಾಗೆ. ಆಮೇಲೆ ಗೆರೆ ಕಂಡಿತು. ಕೆರೆಯ ಮೇಲೆ ಬರುತ್ತಲೇ ಗೆರೆ ಮುರಿದು ಒಂದೊಂದೂ ರೆಕ್ಕೆ ಓರೆ ಮಾಡಿ, ಅರ್ಧ ಮಗುಚಿಕೊಂಡೇ, ಗಾಳಿ ಸೋರಿಸುತ್ತಾ ನೀರಿಗೆ ಇಳಿದವು. ಮೂರು ತಂಡ ಬಂದವು. ನಾನು ಎಣಿಸಿದ್ದು ನೂರ ನಲವತ್ತು. ಸ್ಕೋಪಿನಲ್ಲಿ, ಅಂದರೆ ಸ್ಟ್ಯಾಂಡಿನ ಮೇಲಿಡುವ ದುರ್ಬೀನಿನಲ್ಲಿ, ಬಿಳಿ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ, ಕೊಕ್ಕಿನ ತುದಿಯ ಕಪ್ಪು ಚುಕ್ಕೆ, ಗಂಟಲಿನಿಂದ ಜಾರುವ ನೀರಿನ ಹನಿ ತನಕ ಕಾಣುತ್ತಿತ್ತು. ಅಪ್ಪ ಮೊದಲ ಸಲ ಸ್ಕೋಪಿಗೆ ಕಣ್ಣಿಟ್ಟರು, ಬಹಳ ಹೊತ್ತು ತೆಗೆಯಲಿಲ್ಲ.

“ಇವು ಎಲ್ಲಿಗೆ ಹೋಗ್ತಾವ?”

ಟಿಬೆಟ್, ಮಂಗೋಲಿಯಾ ಕಡೆ ಅಂದೆ. ಹಿಮಾಲಯ ದಾಟುವಾಗ 7,000 ಮೀಟರಿಗಿಂತ ಮೇಲೆ ಹಾರಿದ್ದು ಟ್ರಾನ್ಸ್‌ಮಿಟರ್ ಕಟ್ಟಿದ ಹಕ್ಕಿಗಳಿಂದ ಗೊತ್ತಾಗಿದೆ. ಆದರೆ ಸುಮ್ನೆ ಅಷ್ಟು ಎತ್ತರ ಹೋಗಲ್ಲ, ಆದಷ್ಟು ಕಣಿವೆಗಳಲ್ಲೇ ನುಸುಳುತ್ತವೆ. ತಂಪಿರುವ ರಾತ್ರಿ, ಬೆಳಗಿನ ಜಾವ ಹಾರೋದು ಜಾಸ್ತಿ. ಎಮ್ಮೆಯವರು ಇದನ್ನೆಲ್ಲ ಕೇಳಿ, “ಶಾಣ್ಯಾ ಅದಾವ್ರಿ, ನಮ್ಮ ಕಡ್ಲಿ ತಿಂದು ಗಟ್ಟಿ ಆಗ್ಯಾವಲ್ಲ” ಅಂದರು. ಸಿಟ್ಟಿತ್ತೋ ಹೆಮ್ಮೆ ಇತ್ತೋ ಗೊತ್ತಾಗಲಿಲ್ಲ, ಎರಡೂ ಇದ್ದಿರಬಹುದು. ಶಿವರಾತ್ರಿ ಆದಮೇಲೆ ದಿನಾ ಕಡಿಮೆ ಆಗುತ್ತಿವೆಯಂತೆ. ಹೋಗೋದನ್ನು ನೋಡಿದ್ದೀರಾ ಅಂತ ಕೇಳಿದೆ. ಇಲ್ಲ ಅಂದರು. ಅಪ್ಪ ತಮ್ಮ ನಂಬರು ಒಂದು ಚೀಟಿಯಲ್ಲಿ ಬರೆದು ಕೊಟ್ಟರು. ಕೊನೇ ಹೆಬ್ಬಾತು ಹೋದ ದಿನ ಫೋನ್ ಮಾಡಬೇಕು, ಮರೀಬಾರದು.

ಮಧ್ಯಾಹ್ನ ಕಲಘಟಗಿ, ಯಲ್ಲಾಪುರ ಹಾದು ಅರಬೈಲ್ ಘಟ್ಟ ಇಳಿದೆವು. ಲಾರಿಗಳ ಸಾಲು, ಬ್ರೇಕಿನ ಸುಟ್ಟ ವಾಸನೆ. ಘಟ್ಟದ ಬುಡದಲ್ಲಿ ಕಿಟಕಿ ಇಳಿಸಿದರೆ ಒದ್ದೆ ಬಟ್ಟೆ ಮುಖಕ್ಕೆ ಒತ್ತಿದ ಹಾಗೆ ಸೆಕೆ. ರಾತ್ರಿ ಅಂಕೋಲಾದಲ್ಲಿ ಉಳಿದೆವು.

ಎರಡನೇ ದಿನ: ಸೀಬರ್ಡ್

ಬೆಳಿಗ್ಗೆ ಬನ್ಸ್ ತಿನ್ನುವಾಗ ಖಾನಾವಳಿಯವರು ಸಹಜವಾಗಿ ಕೇಳಿದರು, “ನಿಮ್ದು ಎಲ್ಲಾಯ್ತು? ಎಂಥಕ್ಕೆ ಬಂದದ್ದು?” ನಾನು ಯೋಚನೆ ಮಾಡದೆ, “ಸೀಬರ್ಡ್ ನೋಡೋಕೆ” ಅಂದೆ.

“ಸೀಬರ್ಡಾ? ಒಳಗೆ ಬಿಡೂದಿಲ್ಲ.”

ನನಗೆ ಅರ್ಥವಾಗಲು ಒಂದು ನಿಮಿಷ ಹಿಡಿಯಿತು. ಕಾರವಾರ, ಅಂಕೋಲಾ ಕಡೆ ಸೀಬರ್ಡ್ ಅಂದರೆ ಹಕ್ಕಿ ಅಲ್ಲ, ನೌಕಾನೆಲೆ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದ ಯೋಜನೆಯ ಹೆಸರೇ ಸೀಬರ್ಡ್. ಅಲ್ಲಿನ ಐಎನ್‌ಎಸ್ ಕದಂಬ 2005ರಲ್ಲಿ ಶುರುವಾಯಿತು. ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬ ಜಾಗ ಬಿಟ್ಟು ಎದ್ದವು. ಈ ಜಿಲ್ಲೆಯ ಪೇಪರಿನಲ್ಲಿ ‘ಸೀಬರ್ಡ್ ನಿರಾಶ್ರಿತರು’ ಅನ್ನೋ ಮಾತು ಓದದ ವರ್ಷವೇ ಇಲ್ಲ, ಆದರೂ ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ ನೋಡಿ.

ಪಕ್ಕದ ಮೇಜಿನಲ್ಲಿ ಚಾ ಕುಡಿಯುತ್ತಿದ್ದ ಹಿರಿಯರೊಬ್ಬರು ತಿರುಗಿದರು. ಅವರು ಎದ್ದು ಬಂದವರಲ್ಲೇ ಒಬ್ಬರು. ಮನೆ ಹಿಂದೆಯೇ ಸಮುದ್ರ ಇತ್ತಂತೆ, ಈಗ ಸಮುದ್ರ ನೋಡಬೇಕಾದರೆ ಬಸ್ಸು ಹತ್ತಬೇಕು. ಅಪ್ಪ ಅವರ ಎದುರು ಹೋಗಿ ಕೂತರು. ಮುಕ್ಕಾಲು ಗಂಟೆ ಮಾತಾಡಿದರು. ಹೊಸ ಕಾಲೊನಿಗೆ ಹೋದ ಹೊಸದರಲ್ಲಿ ಕಾಗದಗಳು ಹಳೇ ಊರಿನ ಹೆಸರಿಗೇ ಬರುತ್ತಿದ್ದವು ಅಂತ ಅವರು ಹೇಳಿದಾಗ ಅಪ್ಪ, “ಆಮ್ಯಾಲ? ಮುಟ್ಟಿದ್ವೋ ಇಲ್ಲೋ?” ಅಂತ ಕೇಳಿದರು. ಅಪ್ಪನಿಗೆ ಆ ಕತೆಯಲ್ಲಿ ಅದು ಮುಖ್ಯ. ಎಲ್ಲ ಮುಟ್ಟಿದ್ದವಂತೆ, ತಡವಾಗಿ.

ಇದರಿಂದ ಕಾರವಾರ ಮುಟ್ಟೋದು ಒಂಬತ್ತಾಯಿತು. ಇದು ತೊಂದರೆಯೇ. ನಮ್ಮ ಕರಾವಳಿಯಲ್ಲಿ ಸಮುದ್ರ ಪಶ್ಚಿಮಕ್ಕಿರೋದರಿಂದ ಬೆಳಗಿನ ಬಿಸಿಲು ನಮ್ಮ ಬೆನ್ನಿಗಿರುತ್ತದೆ, ಹಕ್ಕಿಯ ಬಣ್ಣ ಚೆನ್ನಾಗಿ ಕಾಣುತ್ತದೆ. ಹನ್ನೊಂದರ ಮೇಲೆ ನೀರು ಕುದಿಯೋ ಹಾಗೆ ಅಲ್ಲಾಡುತ್ತದೆ. ಮಧ್ಯಾಹ್ನದ ಮೇಲೆ ಎದುರು ಬಿಸಿಲು, ಎಲ್ಲಾ ಹಕ್ಕಿಯೂ ಕಪ್ಪೇ.

ಕೋಡಿಬಾಗದ ಹತ್ತಿರ ಕಾಳಿ ನದಿ ಸಮುದ್ರ ಸೇರುವಲ್ಲಿ ಹಕ್ಕಿಗಳು ಗುಂಪಾಗಿ ಕೂತಿದ್ದವು. ಜಾಸ್ತಿ ಇದ್ದದ್ದು ಕಂದುತಲೆಯ ಕಡಲಕ್ಕಿ. ಹೆಸರು ಕಂದುತಲೆ, ಆದರೆ ಚಳಿಗಾಲ ಪೂರ್ತಿ ಅದರ ತಲೆ ಬಿಳಿ, ಕಿವಿಯ ಹತ್ತಿರ ಒಂದು ಕಪ್ಪು ಚುಕ್ಕೆ ಅಷ್ಟೇ. ಹೊರಡುವ ಹೊತ್ತಿಗೆ ಬಣ್ಣ ಬರುತ್ತದೆ. ಈಗ ಅದು ನಡೆಯುತ್ತಿತ್ತು. ಒಂದರ ತಲೆ ಪೂರ್ತಿ ಕಾಫಿಪುಡಿ ಬಣ್ಣ, ಪಕ್ಕದ್ದು ಬರೀ ಮುಖಕ್ಕೆ ಮಸಿ ಬಳಿದುಕೊಂಡ ಹಾಗೆ, ಇನ್ನೊಂದು ಇನ್ನೂ ಬಿಳಿ. ನನಗೆ ಹತ್ತಿರದಲ್ಲಿದ್ದ ಒಂದರ ಕಣ್ಣಿನ ಸುತ್ತ ಮಾತ್ರ ಬಿಳಿ ಗರಿ ಉಳಿದು, ಕನ್ನಡಕ ಹಾಕಿದ ಹಾಗಿತ್ತು. ಅದು ಕೊಕ್ಕಿನಿಂದ ಎದೆ ಕೆರೆದು ಒಂದು ಗರಿ ಕಿತ್ತು ಬಿಟ್ಟಿತು. ಗರಿ ಮರಳ ಮೇಲೆ ಉರುಳುತ್ತಾ ಹೋಗಿ ಪಕ್ಕದ ಹಕ್ಕಿಯ ಕಾಲಿಗೆ ಸಿಕ್ಕಿಕೊಂಡಿತು.

ಅವುಗಳ ನಡುವೆ ಗಾತ್ರದಲ್ಲಿ ಎರಡರಷ್ಟು ಕಾಣುವ ಪಲ್ಲಾಸ್ ಕಡಲಕ್ಕಿ ಮೂರು ನಿಂತಿದ್ದವು. ಅವುಗಳದ್ದು ಆಗಲೇ ಅಚ್ಚ ಕಪ್ಪು ತಲೆ. ಇವು ಬೇಗ ತಯಾರಾಗುವ ಗಿರಾಕಿಗಳು. ಹೊರಡೋ ಹಕ್ಕಿ ನೋಡಬೇಕು ಅನ್ನುವವರು ಆಕಾಶ ನೋಡೋದಕ್ಕಿಂತ ತಲೆ ನೋಡೋದು ಒಳ್ಳೇದು ಅಂತ ನನಗೆ ಅಲ್ಲೇ ಅನ್ನಿಸಿದ್ದು.

ಹನ್ನೊಂದರ ಹೊತ್ತಿಗೆ ಬೈಕಿನಲ್ಲಿ ಬಂದವರೊಬ್ಬರು ನಿಲ್ಲಿಸಿ ವಿಚಾರಿಸಿದರು. ಸ್ಕೋಪು ಯಾಕೆ, ಎಲ್ಲಿಂದ ಬಂದದ್ದು, ಯಾವ ಕಡೆ ನೋಡುತ್ತಿದ್ದೀರಿ. ಕೇಳಿದ್ದರಲ್ಲಿ ತಪ್ಪಿಲ್ಲ. 2025ರ ಡಿಸೆಂಬರ್‌ನಲ್ಲಿ ಇದೇ ಕಾರವಾರದ ಕಡಲತೀರದಲ್ಲಿ ಬೆನ್ನಿಗೆ ಚೀನಾದ ಜಿಪಿಎಸ್ ಕಟ್ಟಿದ್ದ ಕಡಲಕ್ಕಿ ಸಿಕ್ಕಿ ದೊಡ್ಡ ಸುದ್ದಿಯಾಗಿತ್ತು. ಹಕ್ಕಿ ವಲಸೆ ಅಧ್ಯಯನ ಮಾಡೋರು ಇಂಥವನ್ನು ಕಟ್ಟೋದು ಮಾಮೂಲು, ಆದರೆ ನೌಕಾನೆಲೆ ಪಕ್ಕದಲ್ಲಿ ಮಾಮೂಲು ಅಂತ ಯಾರು ಒಪ್ಪುತ್ತಾರೆ? ನಾನು ಸ್ಕೋಪಿನಲ್ಲಿ ಅವರಿಗೂ ತೋರಿಸಿದೆ. “ಓ, ಇದಾ! ಇದು ಬಂದರದಲ್ಲಿ ರಾಶಿ ಇರ್ತದೆ” ಅಂದು ಹೊರಟರು. ಇಲ್ಲಿ ಬರೋರು ಗುರುತಿನ ಚೀಟಿ ಇಟ್ಟುಕೊಳ್ಳಿ, ನೆಲೆಯ ಕಡೆ ಲೆನ್ಸು ತಿರುಗಿಸಬೇಡಿ.

ಸಂಜೆ ವಾಪಸ್ ಬರುವಾಗ ಅಂಕೋಲಾ ಹತ್ತಿರ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಮೇಳ ರಸ್ತೆ ದಾಟುತ್ತಿತ್ತು. ತಲೆಯ ಮೇಲೆ ಬಣ್ಣಬಣ್ಣದ ತುರಾಯಿ, ಕೈಯಲ್ಲಿ ಕೋಲು, ಗುಮಟೆಯ ಸದ್ದು. ಕಾರು ಬದಿಗೆ ಹಾಕಿದೆವು. ಅಪ್ಪ ಹತ್ತು ರೂಪಾಯಿ ಕೊಡಲು ಹೋಗಿ ನೂರು ಕೊಟ್ಟು ಬಂದರು. ನೋಟು ಸರಿಯಾಗಿ ಕಾಣಲಿಲ್ಲ ಅಂತ ಆಮೇಲೆ ಹೇಳಿದರು, ನಾನು ನಂಬಲಿಲ್ಲ.

ಮೂರನೇ ದಿನ: ಉಪ್ಪು, ಕೆಸರು, ಎಣಿಕೆ

ಹುಣ್ಣಿಮೆ, ಅಮಾವಾಸ್ಯೆ ಹತ್ತಿರ ಬಂದಾಗ ಸಮುದ್ರದ ಉಬ್ಬರವೂ ಜಾಸ್ತಿ, ಇಳಿತವೂ ಜಾಸ್ತಿ. ಈ ಕಡೆ ಆ ದಿನಗಳಲ್ಲಿ ಮಧ್ಯಾಹ್ನದ ಮುಂಚೆ ಉಬ್ಬರ, ಸಂಜೆ ಇಳಿತ. ಪ್ರತಿ ದಿನ ಸುಮಾರು ಐವತ್ತು ನಿಮಿಷ ಮುಂದಕ್ಕೆ ಹೋಗುತ್ತದೆ. ಹಕ್ಕಿಗಳ ಟೈಮ್‌ಟೇಬಲ್ಲೂ ಅದೇ. ನೀರು ಏರಿದಾಗ ಕೆಸರು ಮುಚ್ಚಿಹೋಗಿ ಅವು ಎತ್ತರದ ಜಾಗಕ್ಕೆ ಬಂದು ಒತ್ತೊತ್ತಾಗಿ ಕೂರುತ್ತವೆ, ನೋಡೋಕೆ ಸುಲಭ. ಹಾಗಾಗಿ ಬೆಳಿಗ್ಗೆ ಗೋಕರ್ಣದ ಪಕ್ಕದ ಸಾಣಿಕಟ್ಟಾದ ಉಪ್ಪಿನ ಗದ್ದೆಗೆ ಹೋದೆವು.

ಚೌಕ ಚೌಕ ಮಡಿಗಳು, ಅಂಚಿನಲ್ಲಿ ಗುಡ್ಡೆ ಹಾಕಿದ ಉಪ್ಪು. ಒಂದು ಬದುವಿನ ಮೇಲೆ ಸಣ್ಣ ಗೊರವ ಹಕ್ಕಿಗಳು ಸಾಲಾಗಿ ಕೂತಿದ್ದವು, ಎಲ್ಲದರ ಕೊಕ್ಕೂ ಗಾಳಿಗೆ ಎದುರು. ಮರಳು ಗೊರವಗಳ ಎದೆಗೆ ಇಟ್ಟಿಗೆ ಬಣ್ಣ ಏರತೊಡಗಿತ್ತು. ಉಪ್ಪು ಕೆರೆಯುತ್ತಿದ್ದ ಹೆಂಗಸೊಬ್ಬರು ಅಪ್ಪನ ಕೈಗೆ ಒಂದು ಹಿಡಿ ಉಪ್ಪು ಹಾಕಿ, “ಮಾವಿನಮಿಡಿಗೆ ಇದೇ ಆಗ್ಬೇಕು” ಅಂದರು. ಅಪ್ಪ ಅದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಆ ಕರವಸ್ತ್ರ ಇಡೀ ದಿನ ಒದ್ದೆಯಾಗೇ ಇತ್ತು.

ಊಟಕ್ಕೆ ಕುಚಲಕ್ಕಿ ಅನ್ನ, ಬಂಗಡೆ ಸಾರು, ಮುರುಗಲ ಹಣ್ಣಿನ ಕಡಿ. ಅಪ್ಪನಿಗೆ ಮೀನಿಲ್ಲ, ಅವರಿಗೆ ಕಡಿ ಎರಡು ಲೋಟ ಜಾಸ್ತಿ.

ಮೂರು ಗಂಟೆಗೆ ತದಡಿ. ಎದುರು ದಡದಲ್ಲಿ ಅಘನಾಶಿನಿ ಊರು, ನಡುವೆ ನದಿ ಅಗಲವಾಗಿ ಹರಡಿಕೊಂಡಿದೆ. ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ ಇಲ್ಲಿ ಸಮುದ್ರ ಸೇರುವ ತನಕ ಒಂದು ಅಣೆಕಟ್ಟೂ ಅಡ್ಡ ಬರದ ನದಿ. ರಾಮ್‌ಸಾರ್ ಪಟ್ಟಿಯಲ್ಲಿ ಈ ಅಳಿವೆಯ ವಿಸ್ತೀರ್ಣ 4,801 ಹೆಕ್ಟೇರ್. ಅಂಕಿ ಓದಿದಾಗ ಏನೂ ಅನ್ನಿಸಿರಲಿಲ್ಲ. ಇಳಿತ ಶುರುವಾಗಿ ನೀರಿನ ಕೆಳಗಿನಿಂದ ನೆಲ ಮೇಲೆದ್ದು ಬಂತಲ್ಲ, ಆಗ ಗೊತ್ತಾಯಿತು.

ನೆಲ ಎದ್ದ ಕೂಡಲೇ ಜನ ಇಳಿದರು. ಬಳಚು, ಅಂದರೆ ಚಿಪ್ಪುಮೀನು, ಆರಿಸುವವರು. ಸೊಂಟಕ್ಕೆ ಚೀಲ, ಕೆಲವರು ಎದೆಮಟ್ಟ ನೀರಿನಲ್ಲಿ ಕಾಲಲ್ಲೇ ತಡಕಿ, ಮುಳುಗಿ ಎತ್ತುತ್ತಿದ್ದರು. ಅವರ ಹಿಂದೆಯೇ ಕೊಂಕುಕೊಕ್ಕಿನ ಗೊರವ, ಬೆಳ್ಳಕ್ಕಿ, ಕಡಲಕ್ಕಿ. ಮನುಷ್ಯರಿಗೂ ಹಕ್ಕಿಗೂ ಹತ್ತು ಮಾರು ದೂರ, ಅಷ್ಟೇ. ನಾನು ಹತ್ತಿರದಿಂದ ಫೋಟೊ ತೆಗೆಯೋಣ ಅಂತ ಎರಡು ಹೆಜ್ಜೆ ಇಟ್ಟೆ, ಮೂರನೆಯದಕ್ಕೆ ಮೊಣಕಾಲವರೆಗೆ ಕೆಸರು. ಕಾಲು ಬಂತು, ಶೂ ಬರಲಿಲ್ಲ. ಟ್ರೈಪಾಡ್ ಊರಿ ಎಳೆಯಲು ಹೋದರೆ ಅದರ ಕಾಲೂ ಹೋಯಿತು. ಬಳಚಿನ ಚೀಲ ಹೊತ್ತು ಬರುತ್ತಿದ್ದ ಅಜ್ಜಿಯೊಬ್ಬರು ಕೈಹಾಕಿ ಶೂ ಎತ್ತಿಕೊಟ್ಟರು, ಜೊತೆಗೆ ಅದರೊಳಗೆ ಸಿಕ್ಕ ಎರಡು ಬಳಚನ್ನು ತೆಗೆದು ತಮ್ಮ ಚೀಲಕ್ಕೆ ಹಾಕಿಕೊಂಡರು. “ಇಲ್ಲಿ ಬೂಟು ನಡೂದಿಲ್ಲ ತಮಾ. ಬರೀ ಕಾಲಲ್ಲಿ ಬರ್ಬೇಕು, ಇಲ್ದಿದ್ರೆ ದಡದಲ್ಲೇ ಕೂರ್ಬೇಕು.”

ದಡದಲ್ಲಿ ಅಪ್ಪ ಸ್ಟೂಲು ಹಾಕಿ ಕೂತಿದ್ದರು, ನಗು ತಡೆಯಲಾರದೆ.

ಐದೂವರೆಗೆ ಅಳಿವೆ ಬಾಯಿಯ ಮರಳದಿಬ್ಬದ ಮೇಲೆ ಹಕ್ಕಿಗಳು ಸೇರತೊಡಗಿದವು. ಕಂದುತಲೆಯ ಕಡಲಕ್ಕಿಗಳ ಮಧ್ಯೆ ಕಿತ್ತಳೆ ಕೊಕ್ಕಿನ ರೀವಗಳು, ಕಪ್ಪು ಕೊಕ್ಕಿನ ತುದಿಯನ್ನು ಮಾತ್ರ ಹಳದಿ ಬಣ್ಣಕ್ಕೆ ಅದ್ದಿ ತೆಗೆದಂಥ ಸ್ಯಾಂಡ್‌ವಿಚ್ ರೀವಗಳು. ನಾನು ಎಣಿಸುತ್ತಾ ಮೂರು ಸಲ ತಪ್ಪಿದೆ. ಅಪ್ಪ ಬೈನಾಕ್ಯುಲರ್ ಕಸಿದುಕೊಂಡರು. “ಒಂದೊಂದ ಎಣಸ್ತಾರೇನಲೇ? ಟಪಾಲು ಹೆಂಗ ಎಣಸ್ತಿದ್ವಿ? ಐವತ್ತರ ಕಟ್ಟು ಎಷ್ಟು ದಪ್ಪ ಅಂತ ಕಣ್ಣಿಗೆ ಗೊತ್ತಿರಬೇಕು.” ಮೊದಲು ಐವತ್ತು ಹಕ್ಕಿ ಸರಿಯಾಗಿ ಎಣಿಸಿದರು, ಆ ಅಗಲವನ್ನೇ ಅಳತೆ ಮಾಡಿಕೊಂಡು ದಿಬ್ಬದ ಉದ್ದಕ್ಕೂ ಕಟ್ಟು ಕಟ್ಟುತ್ತಾ ಹೋದರು. ಎಂಟು ಕಟ್ಟು, ಮೇಲೆ ಹನ್ನೆರಡು. 412. ಅನುಭವಿ ಹಕ್ಕಿ ನೋಡುಗರೂ ದೊಡ್ಡ ಗುಂಪನ್ನು ಹೀಗೇ ಲೆಕ್ಕ ಹಾಕೋದು. ಅವರಿಗೆ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಕತ್ತಲಾಗುವ ಹೊತ್ತಿಗೆ ಉಪ್ಪುನೀರು ನುಗ್ಗುವ ಗಜನಿ ಗದ್ದೆಗಳ ಕಡೆಯಿಂದ ಸೂಜಿಬಾಲದ ಬಾತುಗಳ ಒಂದು ತಂಡ, ಇಪ್ಪತ್ತರಷ್ಟಿರಬೇಕು, ನಮ್ಮ ತಲೆಯ ಮೇಲೆ ಹಾದು ಸಮುದ್ರದ ಮೇಲೆ ಹೋಗಿ ಬಲಕ್ಕೆ ತಿರುಗಿತು. ಬಲ ಅಂದರೆ ಉತ್ತರ. ನಾನು ಎದ್ದು ನಿಂತೆ.

“ಹೊಂಟವೋ, ಬರೇ ಉಣ್ಣಾಕ ಹೋದವೋ?” ಅಂದರು ಅಪ್ಪ.

ಬಾತುಗಳು ರಾತ್ರಿ ಮೇಯಲು ಹೋಗೋದೂ ಇದೇ ಹೊತ್ತಿಗೇ. ಉತ್ತರ ಕೊಡಲು ಆಗಲಿಲ್ಲ.

ನಾಲ್ಕನೇ ದಿನ: ದೋಣಿ

ಹಿಂದಿನ ಸಂಜೆ ಅಪ್ಪನೇ ಮಾತಾಡಿ ಗೊತ್ತು ಮಾಡಿದ್ದ ದೋಣಿ. ಬಲೆ ಎತ್ತಲು ಹೋಗುವ ಇಬ್ಬರು ಅಣ್ಣತಮ್ಮಂದಿರು, ಜೊತೆಗೆ ನಾನು. ಅಪ್ಪ ಮೊಣಕಾಲಿನ ನೆಪ ಹೇಳಿ ದಡದಲ್ಲೇ ಉಳಿದರು. ಲೈಫ್ ಜಾಕೆಟ್ ಕೇಳಿ ಹಾಕಿಕೊಂಡೆ, ನೀವೂ ನಾಚಿಕೊಳ್ಳಬೇಡಿ. ಇನ್ನೊಂದು ಮಾತು, ಹೊರಡುವ ಮುಂಚೆ ಹೊಟ್ಟೆ ತುಂಬಾ ತಿನ್ನಬೇಡಿ. ನಾನು ಮೂರು ಇಡ್ಲಿ ತಿಂದಿದ್ದೆ.

ಅಳಿವೆ ಬಾಯಿ ದಾಟುವಾಗ ದೋಣಿ ಮೂಗೆತ್ತಿ ಕೆಳಗೆ ಬಡಿಯಿತು. ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ನೆಲದ ಕಡೆಯ ಗಾಳಿ, ಹಿಂದೆ ಘಟ್ಟದ ಗೆರೆ ನೀಲಿ. ದೂರದಲ್ಲಿ ರೀವಗಳು ಒಂದೇ ಜಾಗಕ್ಕೆ ಧುಮುಕುತ್ತಿದ್ದವು. ದೊಡ್ಡವ ಆ ಕಡೆಗೇ ದೋಣಿ ತಿರುಗಿಸಿದ. “ಅದು ಬಿದ್ದಲ್ಲಿ ಮೀನದೆ. ನಮ್ ಅಪ್ಪನ ಕಾಲದಲ್ಲಿ ಇದೇ ಮಷಿನ್ನು.” ಈಗಿನ ದೊಡ್ಡ ಬೋಟುಗಳಲ್ಲಿ ಮೀನು ಹುಡುಕುವ ಯಂತ್ರ ಇರುತ್ತದೆ, ಇವರಿಗೆ ಇನ್ನೂ ಹಕ್ಕಿಯೇ.

ಆಗ ಎಲ್ಲಿಂದಲೋ ಒಂದು ಕಂದು ಹಕ್ಕಿ ಬಂತು. ಕಡಲಕ್ಕಿಗಿಂತ ಭಾರ, ಹದ್ದಿನ ಹಾಗೆ ಅಗಲ ಎದೆ, ರೆಕ್ಕೆಯ ತುದಿಯಲ್ಲಿ ಬಿಳಿ ಮಿಂಚು. ನೇರ ಒಂದು ರೀವದ ಬೆನ್ನು ಹತ್ತಿತು. ರೀವ ಎಡಕ್ಕೆ ಹೊರಳಿದರೆ ಇದೂ ಎಡಕ್ಕೆ, ಮೇಲಕ್ಕೆ ಹೋದರೆ ಇದೂ ಮೇಲಕ್ಕೆ. ಕಿರುಚಾಟ. ಕೊನೆಗೆ ರೀವ ಬಾಯಲ್ಲಿದ್ದ ಮೀನು ಬಿಟ್ಟಿತು. ಅದು ನೀರಿಗೆ ಬೀಳುವ ಮೊದಲೇ ಕಂದು ಹಕ್ಕಿ ಹಿಡಿದು ನುಂಗಿತು. ಸ್ಕುವಾ! ಉತ್ತರದ ಹಿಮದ ಬಯಲಲ್ಲಿ ಮರಿ ಮಾಡಿ, ಉಳಿದ ಕಾಲವೆಲ್ಲ ಸಮುದ್ರದ ಮೇಲೇ ಕಳೆಯುವ ದರೋಡೆಕೋರ ಹಕ್ಕಿ. ದಡದಿಂದ ಸುಲಭಕ್ಕೆ ಕಾಣೋದಲ್ಲ. ಪೊಮರೈನ್ ಸ್ಕುವಾ ಇರಬೇಕು ಅಂತ ನನ್ನ ಅಂದಾಜು. ಕ್ಯಾಮೆರಾ ತೆಗೆದೆ. ಅದೇ ಕ್ಷಣಕ್ಕೆ ಇಡ್ಲಿಗಳು ಮೇಲೆ ಬಂದವು.

ಮುಂದಿನ ಒಂದೂವರೆ ಗಂಟೆ ನಾನು ದೋಣಿಯ ಅಂಚು ಹಿಡಿದು ನೀರನ್ನೇ ನೋಡುತ್ತಿದ್ದೆ. ನನ್ನ ಹತ್ತಿರ ಇರುವ ಸ್ಕುವಾದ ಫೋಟೊ ಒಂದೇ ಒಂದು, ಅದರಲ್ಲಿ ಅರ್ಧ ರೆಕ್ಕೆ ಮತ್ತು ತಮ್ಮನ ಹೆಬ್ಬೆರಳು. ತಮ್ಮ ಬಲೆ ಬಿಡಿಸುತ್ತಾ ಸಮಾಧಾನ ಹೇಳಿದ, “ದೂರ ನೋಡಿ, ಘಟ್ಟ ನೋಡಿ, ಕೆಳಗೆ ನೋಡ್ಬೇಡಿ.” ಮುಂಚೇನೇ ಹೇಳಬಹುದಿತ್ತು, ಅಲ್ವಾ?

ದಡ ಮುಟ್ಟಿದಾಗ ಅಪ್ಪ ದೋಣಿ ನಿಲ್ಲುವ ಧಕ್ಕೆಯ ಮೇಲೇ ನಿಂತು ಕಾಯುತ್ತಿದ್ದರು. ನನ್ನ ಬಿಳುಚಿದ ಮುಖದ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬಹಳ ಸಿಟ್ಟಿನಲ್ಲಿದ್ದರು.

“ಐನೂರಾ ಅರವತ್ತು!”

“ಏನು?”

“ನಿನ್ನೆ ನಾಕನೂರಾ ಹನ್ನೆರಡು ಇದ್ದುವು. ಮುಂಜಾನೆ ಎದ್ದು ಎರಡ ಸಲ ಎಣಿಸೇನಿ. ಹೋಗೋದನ್ನ ನೋಡಾಕ ಬಂದ್ರ ಇವು ಜಾಸ್ತಿ ಆಗ್ಯಾವಲ್ಲೋ!”

ದಕ್ಷಿಣದಲ್ಲಿ ಚಳಿಗಾಲ ಕಳೆದ ಹಕ್ಕಿಗಳೂ ಇದೇ ದಾರಿ ಹಿಡಿದು ಮೇಲೆ ಬರುತ್ತವೆ, ಇಲ್ಲಿ ಇಳಿದು ತಿಂದು ಮುಂದೆ ಹೋಗುತ್ತವೆ, ಹಾಗಾಗಿ ಹೊರಡುವ ಕಾಲದಲ್ಲೇ ಕೆಲವು ದಿನ ಸಂಖ್ಯೆ ಏರಬಹುದು ಅಂತ ಹೇಳಿದೆ. ಸ್ವಲ್ಪ ಯೋಚಿಸಿ, “ಅಂದ್ರ ಇದು ಸಾರ್ಟಿಂಗ್ ಆಫೀಸು” ಅಂದರು. ಸಿಟ್ಟು ಇಳಿಯಿತು.

ವಾಪಸ್ ಕುಮಟಾ, ಶಿರಸಿ ದಾರಿ ಹಿಡಿದೆವು. ಕುಮಟಾ ಹತ್ತಿರ ಹೆದ್ದಾರಿ ಬದಿ ಸಿಹಿ ಈರುಳ್ಳಿಯ ಜಡೆಗಳು ಆಗಷ್ಟೇ ತೂಗುಬಿದ್ದಿದ್ದವು. ಎರಡು ಜಡೆ ತಗೊಂಡೆವು. ಹಿಂದಿನ ಸೀಟಿನಲ್ಲಿ ಕೆಸರು ಮೆತ್ತಿದ ಟ್ರೈಪಾಡ್, ಈರುಳ್ಳಿ, ಒದ್ದೆ ಉಪ್ಪಿನ ಗಂಟು. ಆ ವಾಸನೆ ಈಗಲೂ ಕಾರಿನಲ್ಲಿದೆ.

ಮಾಗಡಿಯಿಂದ ಫೋನ್ ಬಂದದ್ದು ಹನ್ನೊಂದು ದಿನದ ಮೇಲೆ. ನಾವು ಊಟಕ್ಕೆ ಕೂತಿದ್ದೆವು. ಅಪ್ಪ ಸ್ಪೀಕರ್ ಹಾಕಿದರು.

“ನಿನ್ನೆ ಸಂಜಿಗೆ ಅದಾವ ಅಂತ ನೋಡಿ ಹೋಗಿದ್ದೆ ರೀ. ಮುಂಜಾನೆ ಬಂದು ನೋಡಿದ್ರ ಒಂದೂ ಇಲ್ಲ.”

“ನಿನ್ನೆ ಎಷ್ಟಿದ್ದುವು?”

“ಎಣಿಸಿಲ್ರಿ.”

“ಎಣಿಸಬೇಕಿತ್ತಲ್ಲೋ ತಮ್ಮಾ!” ಅಂದರು ಅಪ್ಪ, ಕೈಯಲ್ಲಿದ್ದ ರೊಟ್ಟಿ ಹಾಗೇ ಹಿಡಿದುಕೊಂಡು.